ಕುತೂಹಲವನ್ನು ಕೆರಳಿಸುವ ‘ಪೀಕ್’ ಯಾವುದು?

ಆಂಗ್ಲ ಭಾಷೆಯಲ್ಲಿ ‘ಪೀಕ್’ ಎಂದು ಒಂದೇ ರೀತಿಯಾಗಿ ಉಚ್ಚರಿಸಲ್ಪಡುವ ಮೂರು ಶಬ್ದಗಳುಂಟು. ಕಿವಿಗೆ ಅವು ಒಂದೇ, ಕಣ್ಣಿಗೆ ಮೂರು, ಅರ್ಥಕ್ಕೆ ಬಂದರೆ ಒಂದು ಬೆಟ್ಟವನ್ನೇರುತ್ತದೆ, ಇನ್ನೊಂದು ಕಿಂಡಿಯಲ್ಲಿ ಹಣಿಕುತ್ತದೆ, ಮತ್ತೊಂದು ಮುಳ್ಳಿನಂತೆ ಚುಚ್ಚುತ್ತದೆ. ಇವುಗಳಲ್ಲಿ ‘ಕುತೂಹಲ’ ಎಂಬ ಅರ್ಥದ ಕ್ಯೂರಿಯಾಸಿಟಿ ಶಬ್ದದೊಡನೆ ಕೂಡಿ ಬರತಕ್ಕುದು ಒಂದೇ ಒಂದು. ಅದು ಯಾವುದು, ಏಕೆ ಅದೇ ಆಗಬೇಕು, ಅದನ್ನು ವಾಕ್ಯದಲ್ಲಿ ಹೇಗೆ ಕೂಡಿಸಬೇಕು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಇಲ್ಲಿ ತುಸು ವಿವರವಾಗಿ ಬರೆಯುತ್ತೇವೆ. ಪಾಲಕರೂ ಓದಬಹುದು; ಅವರಿಗೂ ಇದರಲ್ಲಿ ಒಂದು ಮಾತಿದೆ.

ಮೊದಲು ಮೂರನ್ನೂ ಬೇರೆ ಬೇರೆಯಾಗಿ ಗುರುತಿಸೋಣ. ಪಿ, ಇ, ಎ, ಕೆ ಎಂಬ ನಾಲ್ಕು ಅಕ್ಷರಗಳ ಪೀಕ್ ಎಂದರೆ ಶಿಖರ. ಅನಂತಗಿರಿಯ ಬೆಟ್ಟದ ತುದಿ ಪೀಕ್. ತೊಗರಿಯ ಬೆಲೆ ಏರಿ ಏರಿ ಇನ್ನು ಮೇಲೆ ಏರದೆಂಬ ಮಟ್ಟಕ್ಕೆ ನಿಂತಾಗಲೂ ಅದು ಪೀಕ್. ಪತ್ರಿಕೆಗಳಲ್ಲಿ ‘ಪೀಕ್ ಅವರ್’, ವಿದ್ಯುತ್ತಿನವರ ಬಾಯಲ್ಲಿ ‘ಪೀಕ್ ಲೋಡ್’ ಎಂದು ನಾವು ದಿನವೂ ಕೇಳುವುದು ಇದನ್ನೇ. ಪಿ, ಇ, ಇ, ಕೆ ಎಂಬ ಪೀಕ್ ಎಂದರೆ ಇಣುಕುವುದು. ನಮ್ಮ ಕಡೆಯ ಮಾತಿನಲ್ಲಿ ಹಣಿಕಿ ನೋಡುವುದು. ಬಾಗಿಲ ಸಂದಿನಿಂದ ತರಗತಿಯೊಳಕ್ಕೆ ಹಣಿಕಿ ನೋಡುವ ಚಿಕ್ಕ ತಂಗಿಯ ಕೆಲಸ ಇದು. ಮೂರನೆಯದು ಪಿ, ಐ, ಕ್ಯು, ಯು, ಇ. ಇದರ ಅರ್ಥ ಚುಚ್ಚುವುದು, ಕೆಣಕುವುದು, ಕೆರಳಿಸುವುದು. ಕುತೂಹಲಕ್ಕೆ ಹೊಂದುವ ಪೀಕ್ ಇದೇ. ಮುಂದೆ ಇವುಗಳನ್ನು ಶಿಖರದ ಪೀಕ್, ಇಣುಕಿನ ಪೀಕ್, ಕೆರಳಿಸುವ ಪೀಕ್ ಎಂದು ಕರೆಯುವೆವು. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ ಒಂದೇ ಆಗಿ ಹೋಗುವುದರಿಂದ ಈ ಉಪಾಯ ಅಗತ್ಯವಾಯಿತು.

ತೊಡಕೆಲ್ಲ ಹುಟ್ಟುವುದು ಇಲ್ಲಿಯೇ. ನಮ್ಮ ಲಿಪಿ ಧ್ವನಿಗೆ ನಿಷ್ಠವಾದುದು. ನುಡಿದಂತೆ ಬರೆ, ಬರೆದಂತೆ ಓದು ಎಂಬುದು ಅದರ ನಿಯಮ. ಈ ನಿಯಮದಲ್ಲಿ ಬೆಳೆದ ಮಗು ಇಂಗ್ಲೀಷು ಪುಸ್ತಕದ ಅಂಚಿನಲ್ಲಿ ಪ್ರತಿಯೊಂದು ಶಬ್ದದ ಮೇಲೂ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಓದುವುದಕ್ಕೆ ಇದರಿಂದ ಸಹಾಯವಾಗುವುದು ನಿಜ. ಆದರೆ ಪರೀಕ್ಷೆಯ ಹಿಂದಿನ ದಿನ ಆ ಮಗು ಓದುವುದು ಅಂಚಿನ ಕನ್ನಡವನ್ನೇ ಹೊರತು ಪುಟದ ಇಂಗ್ಲೀಷನ್ನಲ್ಲ. ಹೀಗಾಗಿ ಮೂರು ಶಬ್ದಗಳು ಮನಸ್ಸಿನಲ್ಲಿ ‘ಪೀಕ್’ ಎಂಬ ಒಂದೇ ಗಂಟಾಗಿ ಉಳಿಯುತ್ತವೆ. ಬರೆಯುವ ಹೊತ್ತಿಗೆ ಗಂಟಿನಿಂದ ಯಾವುದು ಕೈಗೆ ಸಿಕ್ಕಿತೋ ಅದೇ ಉತ್ತರಪತ್ರಿಕೆಗೆ ಇಳಿಯುತ್ತದೆ. ಸಾಮಾನ್ಯವಾಗಿ ಸಿಕ್ಕುವುದು ಶಿಖರದ ಪೀಕ್. ಏಕೆಂದರೆ ಅದೇ ಹೆಚ್ಚು ಪರಿಚಿತವಾದುದು.

ಹೀಗೆಂದ ಮಾತ್ರಕ್ಕೆ ಇದು ಕನ್ನಡ ಮಾಧ್ಯಮದವರ ದೋಷವೆಂದು ಯಾರೂ ಭಾವಿಸಬಾರದು. ಇಂಗ್ಲೀಷನ್ನೇ ತಾಯ್ನುಡಿಯಾಗಿ ಉಳ್ಳವರ ಬರೆವಣಿಗೆಯಲ್ಲಿಯೂ ಈ ತಪ್ಪು ಧಾರಾಳವಾಗಿ ಕಾಣುತ್ತದೆ. ಶಬ್ದಪ್ರಯೋಗದ ಕೈಪಿಡಿಗಳು ಇದನ್ನು ಮತ್ತೆ ಮತ್ತೆ ಎತ್ತಿ ಹೇಳುವುದಕ್ಕೆ ಅದೇ ಕಾರಣ. ಗಣಕಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ಕಾಗುಣಿತವನ್ನು ಪರೀಕ್ಷಿಸುವ ಏರ್ಪಾಡು ಕೂಡ ಅನೇಕ ವೇಳೆ ಇದನ್ನು ಹಿಡಿಯಲಾರದು. ಮೂರೂ ನಿಘಂಟಿನಲ್ಲಿರುವ ಸರಿಯಾದ ಶಬ್ದಗಳೇ ಆದುದರಿಂದ ಬರೇ ಕಾಗುಣಿತವನ್ನು ನೋಡುವ ಯಂತ್ರಕ್ಕೆ ಅಲ್ಲಿ ತಪ್ಪೇ ಕಾಣಿಸದು. ಅರ್ಥವನ್ನು ಬಲ್ಲವನಿಗೆ ಮಾತ್ರ ಅದು ಕಾಣುತ್ತದೆ.

ಅರ್ಥವನ್ನರಿತು ಸಮಾನ ಧ್ವನಿಗಳನ್ನು ಬೇರ್ಪಡಿಸುವ ವಿದ್ಯೆ ಗಡಿನಾಡಿನ ಮಗುವಿಗೆ ಹೊಸದೇನೂ ಅಲ್ಲ. ನಮ್ಮ ತಾಂಡೂರು ತಾಲ್ಲೂಕು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಮೈಸೂರು ರಾಜ್ಯಕ್ಕೂ, ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ ಸಂದವು. 2014ರಿಂದ ನಾವು ತೆಲಂಗಾಣದವರು. ಗೆರೆ ಸರಿಯಿತು, ಮನೆಯ ಮಾತು ಸರಿಯಲಿಲ್ಲ. ಆದುದರಿಂದ ಕರಣಕೋಟದ ಮಗು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಕೇಳಿ ಬೆಳೆಯುತ್ತದೆ. ಕನ್ನಡದಲ್ಲಿ ‘ಕಲ್ಲು’ ಎಂದರೆ ನಮ್ಮ ನೆಲದ ಹಾಸುಗಲ್ಲು. ತೆಲುಗಿನಲ್ಲಿ ಅದೇ ಧ್ವನಿಗೆ ಈಚಲ ಮರದಿಂದ ಇಳಿಸುವ ಹೆಂಡವೆಂದರ್ಥ. ಕನ್ನಡದಲ್ಲಿ ಹೆಂಡಕ್ಕೆ ‘ಕಳ್ಳು’ ಎನ್ನುತ್ತೇವೆ. ತೆಲುಗಿನಲ್ಲಿ ‘ಕಳ್ಳು’ ಎಂದರೆ ಕಣ್ಣುಗಳು! ಇಷ್ಟಾದರೂ ನಮ್ಮೂರಿನ ಯಾವ ಮಗುವೂ ಕಲ್ಲು ತರಲು ಹೋಗಿ ಹೆಂಡ ತಂದುದಿಲ್ಲ. ‘ಪೀಕ್’ ಎಂಬ ಧ್ವನಿಯ ಗತಿಯೂ ಹೀಗೆಯೇ. ನಮ್ಮ ರೈತರ ಬಾಯಲ್ಲಿ ‘ಪೀಕು’ ಎಂದರೆ ಹೊಲದ ಬೆಳೆ. ತೆಲುಗಿನವರಿಗೆ ‘ಪೀಕು’ ಎಂದರೆ ಕಿತ್ತುಹಾಕು. ಒಬ್ಬನು ಬೆಳೆಯುವುದನ್ನು ಇನ್ನೊಬ್ಬನು ಕೀಳುವನೆಂದು ಜಗಳವಾದೀತೆಂದು ನಗೆಯಾಡಬಹುದೇ ಹೊರತು, ಮಾತಿನ ಸಂದರ್ಭವನ್ನು ಬಲ್ಲವರಿಗೆ ಇದರಿಂದ ಗೊಂದಲವಿಲ್ಲ. ಎರಡು ಪೀಕುಗಳನ್ನು ಮನೆಯಲ್ಲಿಯೇ ನಿಭಾಯಿಸುವ ಮಗುವಿಗೆ ಇಂಗ್ಲೀಷಿನ ಮೂರು ಪೀಕುಗಳು ಹೊರಲಾರದ ಹೊರೆಯಾಗಬೇಕಾಗಿಲ್ಲ.

ಈಗ ಕೆರಳಿಸುವ ಪೀಕಿನ ಬೇರನ್ನು ನೋಡೋಣ. ಇದು ಇಂಗ್ಲೀಷಿಗೆ ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಫ್ರೆಂಚಿನಲ್ಲಿ ‘ಪಿಕೆ’ ಎಂಬ ಕ್ರಿಯಾಪದಕ್ಕೆ ಚುಚ್ಚುವುದು, ಕುಟುಕುವುದು ಎಂದು ಅರ್ಥ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹೆಂಡದಂಗಡಿಗಳ ಮುಂದೆ ‘ಪಿಕೆಟಿಂಗ್’ ಮಾಡಿದರೆಂದು ಚರಿತ್ರೆಯ ಪಾಠದಲ್ಲಿ ಓದಿರುವಿರಷ್ಟೆ. ಆ ಪಿಕೆಟ್ ಎಂಬುದಕ್ಕೆ ಮೂಲದಲ್ಲಿ ಚೂಪಾದ ಗೂಟ ಎಂದರ್ಥ, ಅದೂ ಇದೇ ಬೇರಿನ ಚಿಗುರು. ಫ್ರೆಂಚಿನಿಂದ ಬಂದುದರಿಂದಲೇ ಇದರ ಕಾಗುಣಿತ ವಿಚಿತ್ರವಾಗಿ ಕಾಣುವುದು. ಆದರೆ ಇದು ಒಂಟಿಯಲ್ಲ. ಯುನೀಕ್, ಟೆಕ್ನೀಕ್, ಆಂಟೀಕ್ ಎಂಬ ಶಬ್ದಗಳ ಕೊನೆಯನ್ನು ಗಮನಿಸಿರಿ. ಅಲ್ಲಿಯೂ ಐ, ಕ್ಯು, ಯು, ಇ ಎಂಬ ನಾಲ್ಕೇ ಅಕ್ಷರಗಳು, ಅಲ್ಲಿಯೂ ‘ಈಕ್’ ಎಂಬುದೇ ಧ್ವನಿ. ಪೊಲೀಸ್, ಮಶೀನ್ ಎಂಬಲ್ಲಿ ಐ ಅಕ್ಷರವನ್ನು ‘ಈ’ ಎಂದು ಓದುತ್ತೇವಲ್ಲವೆ? ಅವೂ ಫ್ರೆಂಚಿನ ದಾರಿಯಲ್ಲಿ ಬಂದವುಗಳೇ. ಈ ಬಳಗವನ್ನು ಒಮ್ಮೆ ಕಂಡುಕೊಂಡರೆ ಕಾಗುಣಿತವನ್ನು ಬಾಯಿಪಾಠ ಮಾಡುವ ಶ್ರಮ ತಪ್ಪುವುದು.

ಶಬ್ದವು ಇಂಗ್ಲೀಷಿಗೆ ಬಂದಾಗ ಮೊದಲು ಪಡೆದ ಅರ್ಥ ಮನಸ್ಸಿಗೆ ಚುಚ್ಚಿ ನೋಯಿಸುವುದು, ಮುನಿಸು ಬರಿಸುವುದು ಎಂದು. ಕುತೂಹಲವನ್ನು ಎಬ್ಬಿಸುವುದೆಂಬ ಅರ್ಥ ಅನಂತರದ್ದು. ಎರಡೂ ಇಂದಿಗೂ ಜೀವಂತವಾಗಿವೆ. ಮುನಿಸಿಗೂ ಕುತೂಹಲಕ್ಕೂ ಒಂದೇ ಶಬ್ದವೇ ಎಂದು ಆಶ್ಚರ್ಯಪಡುವವರು ಕನ್ನಡದತ್ತ ತಿರುಗಿ ನೋಡಬೇಕು. ‘ಕೆರಳು’ ಎಂಬ ನಮ್ಮ ಕ್ರಿಯಾಪದ ಮಾಡುವುದೇನು? ಕೋಪ ಕೆರಳುತ್ತದೆ, ತುಳಿದ ಹಾವು ಕೆರಳುತ್ತದೆ, ತುರಿಸಿದ ಹುಣ್ಣು ಕೆರಳುತ್ತದೆ, ಕಥೆಯ ನಡುವೆ ಅಜ್ಜಿ ‘ಉಳಿದದ್ದು ನಾಳೆ’ ಎಂದು ನಿಲ್ಲಿಸಿದರೆ ಮಕ್ಕಳ ಕುತೂಹಲವೂ ಕೆರಳುತ್ತದೆ. ಸುಮ್ಮನಿದ್ದುದನ್ನು ಏನೋ ಒಂದು ಮೊನೆ ತಾಗಿ ಎಬ್ಬಿಸಿತು ಎಂಬ ಭಾವ ಎಲ್ಲ ಕಡೆಯೂ ಒಂದೇ. ಫ್ರೆಂಚರಿಂದ ಇಂಗ್ಲೀಷರು ಸಾಲ ತಂದ ಭಾವವನ್ನು ಕನ್ನಡಿಗರು ತಮ್ಮ ಮನೆಯ ಶಬ್ದದಲ್ಲಿಯೇ ಇಟ್ಟುಕೊಂಡಿದ್ದಾರೆ. ಆದುದರಿಂದ ನಾವು ತರಗತಿಯಲ್ಲಿ ಕೊಡುವ ಸೂತ್ರ ಇಷ್ಟೇ: ಬರೆಯುವ ಮುನ್ನ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿರಿ. ‘ಕೆರಳು’ ಎಂದು ಬಂದರೆ ಕ್ಯು ಅಕ್ಷರದ ಪೀಕ್. ‘ಇಣುಕು’ ಎಂದು ಬಂದರೆ ಎರಡು ಇ ಅಕ್ಷರಗಳ ಪೀಕ್. ‘ತುತ್ತತುದಿ’ ಎಂದು ಬಂದರೆ ಎ ಅಕ್ಷರದ ಪೀಕ್. ಚಿಕ್ಕ ತರಗತಿಯವರಿಗೆ ಇನ್ನೂ ಸುಲಭವಾದ ಗುರುತು ಬೇಕಾದರೆ ಹೀಗೆ ನೆನಪಿಡಲಿ. ದೊಡ್ಡಕ್ಷರದ ಎ ಬೆಟ್ಟದ ಕೋಡಿನ ಆಕಾರದಲ್ಲಿಯೇ ಇದೆ. ಇಣುಕುವುದಕ್ಕೆ ಎರಡು ಕಣ್ಣು ಬೇಕು, ಇ ಅಕ್ಷರವೂ ಎರಡಿವೆ. ಕುತೂಹಲದಿಂದ ಹುಟ್ಟುವುದು ಪ್ರಶ್ನೆ. ಪ್ರಶ್ನೆಯೆಂಬ ಅರ್ಥದ ಕ್ವೆಶ್ಚನ್ ಮೊದಲಾಗುವುದೂ ಕ್ಯು ಅಕ್ಷರದಿಂದಲೇ.

ಇನ್ನು ವಾಕ್ಯರಚನೆ. ಇದು ಸಕರ್ಮಕ ಕ್ರಿಯಾಪದ. ಕೆರಳಿಸುವ ವಸ್ತು ಕರ್ತೃಸ್ಥಾನದಲ್ಲಿ, ಕೆರಳುವ ಕುತೂಹಲ ಕರ್ಮಸ್ಥಾನದಲ್ಲಿ ನಿಲ್ಲಬೇಕು. ‘ದಿ ಸ್ಟೋರಿ ಪೀಕ್ಟ್ ಮೈ ಕ್ಯೂರಿಯಾಸಿಟಿ’ ಎಂದರೆ ಆ ಕಥೆ ನನ್ನ ಕುತೂಹಲವನ್ನು ಕೆರಳಿಸಿತು. ಕರ್ಮಣಿಯಲ್ಲಿ ‘ಮೈ ಕ್ಯೂರಿಯಾಸಿಟಿ ವಾಸ್ ಪೀಕ್ಟ್’ ಎನ್ನಬಹುದು. ಕ್ಯೂರಿಯಾಸಿಟಿಯ ಬದಲು ಆಸಕ್ತಿ ಎಂಬ ಅರ್ಥದ ಇಂಟರೆಸ್ಟ್ ಬಂದರೂ ಸರಿಯೇ. ಭೂತಕಾಲದಲ್ಲಿ ಕೊನೆಯ ಇ ಅಕ್ಷರಕ್ಕೆ ಒಂದು ಡಿ ಸೇರಿಸಿದರಾಯಿತು; ‘ಇಂಗ್’ ಪ್ರತ್ಯಯ ಸೇರಿಸುವಾಗ ಮಾತ್ರ ಆ ಇ ಬಿದ್ದುಹೋಗುತ್ತದೆ.

ಇಲ್ಲೊಂದು ಹೊಂಡವಿದೆ, ಎಚ್ಚರದಿಂದ ದಾಟಬೇಕು. ‘ಮೈ ಕ್ಯೂರಿಯಾಸಿಟಿ’ ಎಂಬುದನ್ನು ಬಿಟ್ಟು ‘ಐ ವಾಸ್ ಪೀಕ್ಟ್’ ಎಂದು ಬರೆದಿರೋ, ಅರ್ಥ ತಲೆಕೆಳಗಾಯಿತು. ‘ನನಗೆ ಮುನಿಸಾಯಿತು, ನನ್ನ ಮನಸ್ಸಿಗೆ ಚುಚ್ಚಿತು’ ಎಂದು ಓದುಗನು ತಿಳಿಯುವನು. ಶಾಲೆಗೆ ಬಂದ ಅತಿಥಿಗಳ ಭಾಷಣವನ್ನು ಮೆಚ್ಚಿ ಪತ್ರ ಬರೆಯಲು ಹೊರಟ ವಿದ್ಯಾರ್ಥಿ ‘ತಮ್ಮ ಭಾಷಣದಿಂದ ನಾನು ಪೀಕ್ಟ್ ಆದೆನು’ ಎಂದರೆ, ಅತಿಥಿಗಳು ತಾವೇನು ತಪ್ಪಾಡಿದೆವೆಂದು ಚಿಂತಿಸಬೇಕಾದೀತು. ಕನ್ನಡದಲ್ಲಿಯೂ ಹಾಗೆಯೇ ಅಲ್ಲವೆ? ‘ನನ್ನ ಕುತೂಹಲ ಕೆರಳಿತು’ ಎಂಬುದು ಮೆಚ್ಚುಗೆ. ‘ನಾನು ಕೆರಳಿದೆನು’ ಎಂಬುದು ಜಗಳದ ಆರಂಭ. ಇಷ್ಟು ಸೂಕ್ಷ್ಮದಲ್ಲಿಯೂ ‘ಕೆರಳು’ ನಮ್ಮ ಕೈ ಹಿಡಿದು ನಡೆಸುತ್ತದೆ.

ಎರಡನೆಯ ಹೊಂಡ ಇನ್ನೂ ಆಳವಾದುದು. ‘ಮೈ ಇಂಟರೆಸ್ಟ್ ಪೀಕ್ಟ್’ ಎಂದು ಶಿಖರದ ಪೀಕನ್ನು ಹಾಕಿ ಬರೆದರೆ ವ್ಯಾಕರಣದ ದೃಷ್ಟಿಯಿಂದ ತಪ್ಪೇ ಇಲ್ಲ. ಆದರೆ ಅದು ಹೇಳುವುದು ಬೇರೆ. ನನ್ನ ಆಸಕ್ತಿ ತನ್ನ ಶಿಖರವನ್ನು ಮುಟ್ಟಿತು ಎಂದು ಅದರ ಅರ್ಥ. ಶಿಖರ ಮುಟ್ಟಿದ ಮೇಲೆ ಉಳಿಯುವ ದಾರಿ ಇಳಿಜಾರೊಂದೇ. ಮೊಳಕೆಯೊಡೆದುದನ್ನು ಹೇಳಬೇಕಾದಲ್ಲಿ ಫಲ ಬಿಟ್ಟು ಒಣಗತೊಡಗಿದುದನ್ನು ಹೇಳಿದಂತಾಯಿತು. ಉದ್ಯೋಗಕ್ಕೆ ಅರ್ಜಿ ಬರೆಯುವ ತರುಣನು ‘ತಮ್ಮ ಜಾಹೀರಾತು ನನ್ನ ಆಸಕ್ತಿಯನ್ನು ಕೆರಳಿಸಿತು’ ಎಂದು ಬರೆಯಲೆಳಸಿ ಬೆಟ್ಟದ ಪೀಕನ್ನು ಹಾಕಿದನೆನ್ನಿರಿ. ಅರ್ಜಿಯನ್ನೋದುವವರಿಗೆ ಆತನ ಯೋಗ್ಯತೆ ಕಾಣುವುದಕ್ಕೆ ಮೊದಲೇ ಆ ಒಂದು ಶಬ್ದ ಕಾಣುತ್ತದೆ. ಹಳ್ಳಿಯ ಶಾಲೆಯಿಂದ ಬಂದವನೆಂದು ಮೊದಲೇ ಅಳೆಯಲು ಕುಳಿತವರಿಗೆ ಅಳತೆಗೋಲನ್ನು ನಾವೇ ಕೈಗಿತ್ತಂತಾಗುವುದು. ನಮಗೆ ಈ ಸಣ್ಣ ವಿಷಯ ದೊಡ್ಡದಾಗಿ ಕಾಣುವುದು ಈ ಕಾರಣದಿಂದಲೇ.

ಕುತೂಹಲಕ್ಕೆ ಇಂಗ್ಲೀಷಿನಲ್ಲಿ ಇನ್ನೊಂದು ಕ್ರಿಯಾಪದವೂ ಒಗ್ಗುತ್ತದೆ: ‘ವೆಟ್’. ಇದರಲ್ಲಿಯೂ ಇಬ್ಬರು ಅವಳಿಗಳು. ಡಬ್ಲ್ಯು, ಇ, ಟಿ ಎಂದರೆ ಒದ್ದೆ, ಒದ್ದೆ ಮಾಡು. ಡಬ್ಲ್ಯು, ಎಚ್, ಇ, ಟಿ ಎಂದರೆ ಸಾಣೆ ಹಿಡಿ, ಹರಿತ ಮಾಡು. ಹಸಿವೆಯನ್ನೂ ಕುತೂಹಲವನ್ನೂ ಹರಿತಗೊಳಿಸುವುದು ಎಚ್ ಅಕ್ಷರವುಳ್ಳ ಎರಡನೆಯದು. ಸಾಣೆಕಲ್ಲಿಗೆ ವೆಟ್‌ಸ್ಟೋನ್ ಎಂಬ ಹೆಸರು ಬಂದುದು ಅದರಿಂದಲೇ. ಎಚ್ ಬಿಟ್ಟು ಬರೆದರೆ ಕುತೂಹಲಕ್ಕೆ ನೀರೆರೆದು ನಂದಿಸಿದಂತಾಗುತ್ತದೆ. ನಮ್ಮ ತಾಂಡೂರಿನ ಹಾಸುಗಲ್ಲು ಸುಣ್ಣದ ಕಲ್ಲಾದುದರಿಂದ ಉಕ್ಕಿನ ಕುಡುಗೋಲಿಗೆ ಸಾಣೆಯಾಗುವಷ್ಟು ಗಟ್ಟಿಯಲ್ಲ; ಅದಕ್ಕೆ ಮರಳುಗಲ್ಲೇ ಬೇಕು. ಇದು ಪಾಠಕ್ಕೆ ಸೇರಿದುದಲ್ಲ. ಆದರೂ ಕಲ್ಲಿನ ನಾಡಿನ ಮಕ್ಕಳು ತಿಳಿದಿರುವುದು ಲೇಸು.

ಪದವನ್ನು ಸರಿಯಾಗಿ ಬರೆದ ಮಾತ್ರಕ್ಕೆ ಪ್ರಬಂಧ ಸರಿಯಾಗದು. ‘ಕಾರ್ಖಾನೆಯನ್ನು ಕಂಡು ನನ್ನ ಕುತೂಹಲ ಕೆರಳಿತು’ ಎಂದು ಒಂದು ವಾಕ್ಯ ಬರೆದು ಮುಂದಿನ ವಾಕ್ಯದಲ್ಲಿ ಊಟದ ವಿಷಯಕ್ಕೆ ಹೋಗುವ ಪ್ರವಾಸ ಪ್ರಬಂಧಗಳು ಎಲ್ಲ ಶಾಲೆಗಳಲ್ಲಿಯೂ ಇವೆ. ಕೆರಳಿಸಿದ ಮುಳ್ಳು ಯಾವುದೆಂದು ಹೇಳದೆ ಕೆರಳಿತೆಂದರೆ ಯಾರು ನಂಬುವರು? ನಮ್ಮ ಕರಣಕೋಟದ ಸಿಮೆಂಟ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿರಿ. ಮಳೆಯಲ್ಲಿ ವರ್ಷಗಟ್ಟಲೆ ನೆನೆದರೂ ಹಾಗೆಯೇ ಇರುವ ಸುಣ್ಣದ ಕಲ್ಲನ್ನು ಜೇಡಿಯಂಥ ಮಣ್ಣಿನೊಡನೆ ಅರೆದು, ತಿರುಗುವ ಕೊಳವೆಯಂಥ ಕುಲುಮೆಯಲ್ಲಿ ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುತ್ತಾರೆ. ಗಟ್ಟಿ ಉಂಡೆಗಳಾಗಿ ಹೊರಬಿದ್ದುದನ್ನು ತುಸು ಜಿಪ್ಸಮ್ ಸೇರಿಸಿ ಮತ್ತೆ ನುಣ್ಣಗೆ ಅರೆಯುತ್ತಾರೆ. ಆ ಪುಡಿಗೆ ನೀರು ತಾಗಿದೊಡನೆ ಅದು ಪುನಃ ಕಲ್ಲಾಗಲು ತೊಡಗುತ್ತದೆ. ಬೆಂಕಿಗೆ ಕಲ್ಲು ಪುಡಿಯಾಗುವ ಹಾದಿ ಹಿಡಿಯಿತು, ನೀರಿಗೆ ಪುಡಿ ಕಲ್ಲಾಯಿತು, ಇದೆಂಥ ವಿಚಿತ್ರ! ಹೀಗೆ ಬರೆದ ಹುಡುಗನು ‘ಕುತೂಹಲ ಕೆರಳಿತು’ ಎಂಬ ಮಾತನ್ನು ಬರೆಯದೆ ಬಿಟ್ಟರೂ ನಾವು ಅಂಕ ಕಡಿಮೆ ಮಾಡೆವು. ಬರೆದರಂತೂ ಆ ಮಾತಿಗೆ ಬೆಲೆ ಬಂದಿರುತ್ತದೆ. ಒಂದು ಪ್ರಬಂಧದಲ್ಲಿ ಒಮ್ಮೆ ಸಾಕು. ಪುಟಕ್ಕೆ ಮೂರು ಸಲ ಕೆರಳುವ ಕುತೂಹಲ ಜ್ವರದ ಲಕ್ಷಣ.

ಪಾಲಕರಲ್ಲಿ ಕೆಲವರು ‘ಕನ್ನಡದಲ್ಲಿ ಓದಿದರೆ ಇಂಗ್ಲೀಷು ಬಂದೀತೆ?’ ಎಂದು ಕೇಳುವುದುಂಟು. ತೆಲುಗು ನಾಡಿನಲ್ಲಿ ಕನ್ನಡ ಶಾಲೆಗೆ ಮಗುವನ್ನು ಕಳಿಸುವವರ ಮನಸ್ಸಿನಲ್ಲಿ ಈ ಅಳುಕು ಸಹಜವಾದುದು. ಅದನ್ನು ಹಗುರವಾಗಿ ನಾವು ಕಾಣುವುದಿಲ್ಲ. ನಮ್ಮ ಉತ್ತರ ಮೇಲಿನ ಪಾಠದಲ್ಲಿಯೇ ಇದೆ. ‘ಕೆರಳು’ ಎಂಬ ಶಬ್ದದ ಎಲ್ಲ ಮಗ್ಗುಲುಗಳನ್ನು ಬಲ್ಲ ಮಗುವಿಗೆ ಆ ಇಂಗ್ಲೀಷು ಶಬ್ದದ ಎರಡು ಅರ್ಥಗಳನ್ನು ಐದು ನಿಮಿಷಗಳಲ್ಲಿ ತಿಳಿಸಬಹುದು. ಯಾವ ಭಾಷೆಯಲ್ಲಿಯೂ ಆಳವಾಗಿ ಇಳಿಯದ ಮಗುವಿಗೆ ಅದನ್ನು ಹೊರಗಿನಿಂದ ಅಂಟಿಸಬೇಕಾಗುತ್ತದೆ. ಅಂಟಿಸಿದುದು ಪರೀಕ್ಷೆ ಮುಗಿದೊಡನೆ ಉದುರುತ್ತದೆ. ಶಬ್ದಗಳ ಗುಣದೋಷಗಳನ್ನು ತೂಗಿ ನೋಡುವ ಪದ್ಧತಿಯೂ ಈ ಸೀಮೆಗೆ ಹೊಸತಲ್ಲ. ತಾಂಡೂರಿನ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯೇ ಮುಂದೆ ಸೇಡಂ ತಾಲ್ಲೂಕಿನ ಮಳಖೇಡವನ್ನು ಬಳಸಿ ಹೋಗುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ನೆಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಅದು ಕಾವ್ಯದ ದೋಷಗಳನ್ನೂ ಗುಣಗಳನ್ನೂ ವಿಚಾರಿಸುವ ಶಾಸ್ತ್ರಗ್ರಂಥವೆಂಬುದನ್ನು ಮಕ್ಕಳಿಗೆ ಹೇಳಿರಿ.

ಮನೆಯಲ್ಲಿ ಒಂದು ನಿಘಂಟು ಇರಲಿ ಎಂದು ಮಾತ್ರ ಪಾಲಕರಲ್ಲಿ ಕೇಳಿಕೊಳ್ಳುತ್ತೇವೆ. ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣದ ಮೂಲಕ ಓದುಗರ ಶಬ್ದಸಂದೇಹಗಳಿಗೆ ಬಹುಕಾಲ ಉತ್ತರವಿತ್ತರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಆ ಉತ್ತರಗಳು ಪುಸ್ತಕರೂಪದಲ್ಲಿಯೂ ಬಂದಿವೆ. ಒಂದು ಶಬ್ದ ಎಲ್ಲಿಂದ ಬಂತೆಂದು ಪತ್ರ ಬರೆದು ಕೇಳುವಷ್ಟು ಕುತೂಹಲ ಸಾಮಾನ್ಯ ಓದುಗರಲ್ಲಿ ಇದ್ದಿತೆಂಬುದಕ್ಕೆ ಅವೇ ಸಾಕ್ಷಿ.

ಇನ್ನು ವಿದ್ಯಾರ್ಥಿಗಳಿಗೆ ಅಭ್ಯಾಸ. ಕೆಳಗಿನ ವಾಕ್ಯಗಳನ್ನು ಇಂಗ್ಲೀಷಿಗೆ ಪರಿವರ್ತಿಸಿರಿ. ಪ್ರತಿಯೊಂದರಲ್ಲಿಯೂ ಮೂರರಲ್ಲಿ ಯಾವ ಪೀಕ್ ಬರಬೇಕೆಂದು ಮೊದಲು ಕನ್ನಡದ ಕ್ರಿಯಾಪದದಿಂದ ನಿಶ್ಚಯಿಸಿಕೊಳ್ಳಿರಿ. ಅಂಚಿನಲ್ಲಿ ಉಚ್ಚಾರಣೆಯನ್ನು ಬರೆಯಕೂಡದು. ಬೆಕ್ಕಿನ ಮರಿ ಬುಟ್ಟಿಯೊಳಗಿಂದ ಹಣಿಕಿ ನೋಡಿತು. ಮೇ ತಿಂಗಳಲ್ಲಿ ಬಿಸಿಲು ತುತ್ತತುದಿಗೇರಿತು. ಸಭೆಯಲ್ಲಿ ತನ್ನ ಹೆಸರನ್ನು ಕರೆಯಲಿಲ್ಲವೆಂದು ಅವನು ಮುನಿಸಿನಿಂದ ಎದ್ದು ಹೋದನು. ಮಳಖೇಡದ ಹಾಳುಕೋಟೆ ಹುಡುಗಿಯ ಕುತೂಹಲವನ್ನು ಕೆರಳಿಸಿತು. ಕೊನೆಯದೊಂದು ಇದೆ, ಅದನ್ನು 9 ಮತ್ತು 10ನೆಯ ತರಗತಿಯವರಿಗೆ ಬಿಟ್ಟಿದ್ದೇವೆ: ‘ಇತಿಹಾಸದಲ್ಲಿ ಆಕೆಯ ಆಸಕ್ತಿ ಆ ವರ್ಷ ಪೀಕ್ಟ್.’ ಇಲ್ಲಿ ಶಿಖರದ ಪೀಕನ್ನು ಹಾಗೆಯೇ ಇಡಬಹುದು. ಕೆರಳಿಸುವ ಪೀಕನ್ನು ಹಾಕಬೇಕಾದರೆ ಮಾತ್ರ ವಾಕ್ಯಕ್ಕೆ ಇನ್ನೊಂದು ಚಿಕ್ಕ ಶಬ್ದ ಸೇರಬೇಕು. ಅದು ಯಾವುದೆಂದು ಕಂಡುಹಿಡಿದು, ಎರಡು ರೀತಿಯಲ್ಲಿಯೂ ಬರೆದು, ಆ ವರ್ಷವಾದ ಮೇಲೆ ಹುಡುಗಿ ಇತಿಹಾಸವನ್ನು ಓದಿದಳೋ ಬಿಟ್ಟಳೋ ಎಂಬುದನ್ನು ಪ್ರತಿಯೊಂದರ ಕೆಳಗೆ ಒಂದು ಸಾಲಿನಲ್ಲಿ ತಿಳಿಸಿ ನಿಮ್ಮ ಉಪಾಧ್ಯಾಯರಿಗೆ ತೋರಿಸಿರಿ.